ಅಳತೆ ಮೇಷ್ಟ್ರು ಆರಿಸಿದ ಸರ್ವರ್

ನೆಲದ ಮೇಲೆ ಸರಿಯಾಗಿ ಊರಲಾಗದ ಪಾದಗಳಿಗೆ ಪಾದರಕ್ಷೆ ಮಾಡಿಕೊಡುವ ವಿದ್ಯೆಯಲ್ಲಿ ನಮ್ಮ ಅಳತೆ ಮೇಷ್ಟ್ರಿಗೆ ಸಾಟಿಯಾದವರು ಇನ್ನೊಬ್ಬರಿಲ್ಲವೆಂಬುದನ್ನು ಈ ಸಂಪುಟದ ಬೇರೆ ಲೇಖಕರು ನನಗಿಂತ ಚೆನ್ನಾಗಿಯೇ ಬರೆದಿರುತ್ತಾರೆ. ಒಂದು ಕಾಲು ಗಿಡ್ಡವಾದವರು, ಪಾದ ಒಳಕ್ಕೆ ತಿರುಗಿದವರು, ಬೆರಳುಗಳನ್ನು ಕಳೆದುಕೊಂಡವರು, ಸಕ್ಕರೆ ಕಾಯಿಲೆಯಿಂದ ಅಂಗಾಲಿನ ಸ್ಪರ್ಶವೇ ಇಲ್ಲವಾದವರು ಮೂವತ್ತಾರು ವರ್ಷ ಅವರ ಮುಂದಿನ ಗಿಡ್ಡ ಮಣೆಯ ಮೇಲೆ ಕಾಲಿಟ್ಟು ಕುಳಿತಿದ್ದಾರೆ, ಎದ್ದು ನಡೆದುಕೊಂಡು ಮನೆಗೆ ಹೋಗಿದ್ದಾರೆ. ಅವರು ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ ಸಂಪಾದಕರು ನನಗೆ ಕೊಟ್ಟಿರುವ ವಿಷಯ, 'ಸಂಸ್ಥೆಯ ಗಣಕೀಕರಣಕ್ಕೆ ಮೇಷ್ಟ್ರ ಕೊಡುಗೆ'. ಯಾರ ಕೈಗೆ ಏನು ಕೊಟ್ಟಿದ್ದೇವೆಂದು ಪಾಪ, ಅವರಿಗೆ ಗೊತ್ತಿಲ್ಲ.

ನಮ್ಮ ಮೊದಲ ಸರ್ವರ್ ಕೆಟ್ಟು, ಎರಡು ಸಾವಿರದ ಆರುನೂರು ಜನರ ಪಾದಗಳ ದಾಖಲೆ ನಾಶವಾಗಿ ಎರಡು ವರ್ಷ ದಾಟಿತು. ಅದು ಮೇಷ್ಟ್ರ ತಪ್ಪಿನಿಂದ ಆದದ್ದೆಂದು ಕಾರ್ಯಾಗಾರದಲ್ಲಿ ಎಲ್ಲರೂ ನಂಬಿದ್ದಾರೆ. ಈ ಪುಸ್ತಕದಲ್ಲೂ ಒಬ್ಬಿಬ್ಬರು ಅದನ್ನು 'ಒಂದು ಕಹಿ ಪ್ರಸಂಗ' ಎಂದು ಮೆತ್ತಗೆ ಸವರಿಕೊಂಡು ಹೋಗಿರಬಹುದು. ಆ ತಪ್ಪು ಅವರದಲ್ಲ, ನನ್ನದು. ಇದನ್ನು ಹೇಳಲೆಂದೇ ಈ ಲೇಖನ ಒಪ್ಪಿಕೊಂಡೆ. ಹೊಗಳಿಕೆಯನ್ನು ನಿರೀಕ್ಷಿಸಿದವರು ಮುಂದಿನ ಲೇಖನಕ್ಕೆ ಹೋಗಬಹುದು, ನನಗೆ ಬೇಸರವಿಲ್ಲ.

ನಾನು ಪತ್ರ ಬರೆಯುವ ಗುಮಾಸ್ತೆಯಾಗಿ ಇಲ್ಲಿ ಸೇರಿದ್ದು ಹತ್ತೊಂಬತ್ತು ವರ್ಷಗಳ ಹಿಂದೆ. ಸೇರಿದ ಎರಡನೆಯ ವಾರದಲ್ಲೇ ಒಬ್ಬ ಗ್ರಾಹಕರ ಅಳತೆಯ ಕಾರ್ಡಿನಲ್ಲಿ ಎಡ ಬಲ ಅದಲುಬದಲು ಮಾಡಿ ಬರೆದೆ. ಮೇಷ್ಟ್ರು ಅದನ್ನು ನೋಡಿಕೊಂಡು ತೊಗಲು ಕತ್ತರಿಸಿದರು. ಜೋಡಿಗೆ ಜೋಡಿಯೇ ಹಾಳಾಯಿತು. ಕಾರ್ಯಾಗಾರದ ಯಜಮಾನರು ಬಂದು ಏನಿದು ಎಂದು ಕೇಳಿದಾಗ, "ತೊಗಲು ಸರಿ ಬರ್ಲಿಲ್ಲ, ಬೇರೆ ಕತ್ತರಿಸ್ತೀನಿ ಬಿಡಿ" ಎಂದುಬಿಟ್ಟರು. ಆಮೇಲೆ ನನ್ನ ಮೇಜಿನ ಹತ್ತಿರ ಬಂದು, "ಏನಮ್ಮಾ, ಎಡ ಬಲ ಬರೆಯೋ ಮುಂಚೆ ಒಂದ್ಸಲ ನಿನ್ನ ಕಾಲನ್ನೇ ನೋಡ್ಕೋ. ಅದೇನೂ ಓಡಿಹೋಗಲ್ಲ" ಎಂದರು. ಆ ಭಾನುವಾರ ಮನೆಯವರನ್ನೂ ಬಿಟ್ಟು ಬಂದು ಹೊಸ ಜೋಡಿ ಹೊಲಿದು ಮುಗಿಸಿದರು. ನಾನು ಅಂದು ಕೃತಜ್ಞತೆಯ ಜೊತೆಗೆ ಕಲಿಯಬಾರದ್ದೊಂದನ್ನೂ ಕಲಿತೆ. ನಾನು ಕೆಡಿಸಿದ್ದಕ್ಕೆ ಬೈಗುಳ ಕೇಳಲು ಮೇಷ್ಟ್ರಿದ್ದಾರೆ ಎಂಬ ಧೈರ್ಯ ಅಂದೇ ನನ್ನೊಳಗೆ ಹೊಕ್ಕಿತು.

ಅವರ ಕೆಲಸದ ರೀತಿಯನ್ನು ಸ್ವಲ್ಪ ವಿವರಿಸದಿದ್ದರೆ ಕಳೆದುಹೋದದ್ದು ಏನೆಂದು ತಿಳಿಯುವುದಿಲ್ಲ. ಗ್ರಾಹಕರ ಪಾದದ ಪಡಿಯಚ್ಚನ್ನು ಪ್ಲಾಸ್ಟರಿನಲ್ಲಿ ತೆಗೆಯುವುದು ಎಲ್ಲರೂ ಮಾಡುವ ಕೆಲಸವೇ. ಮೇಷ್ಟ್ರು ಅಲ್ಲಿಂದ ಮುಂದೆ ಆರಂಭಿಸುತ್ತಿದ್ದರು. ಎಲ್ಲಿ ಒತ್ತುತ್ತದೋ ಅಲ್ಲಿ ಹಸಿ ಪ್ಲಾಸ್ಟರ್ ಮೆತ್ತಿ, ಎಲ್ಲಿ ಆಸರೆ ಬೇಕೋ ಅಲ್ಲಿ ಕೆರೆದು, ಗ್ರಾಹಕರು ಆ ಪಾದರಕ್ಷೆ ತೊಟ್ಟು ಕೆಲವು ತಿಂಗಳು ನಡೆದು ಬಂದ ಮೇಲೆ ಮತ್ತೆ ಮೆತ್ತಿ, ಮತ್ತೆ ಕೆರೆದು, ವರ್ಷಗಟ್ಟಲೆ ಆ ಅಚ್ಚನ್ನು ತಿದ್ದುತ್ತಿದ್ದರು. ಹಾಗೆ ತಿದ್ದಿದ ಅಚ್ಚು ಪಾದದ ನಕಲಲ್ಲ. ಆ ಪಾದ ನೋವಿಲ್ಲದೆ ನಡೆಯಲು ಏನು ಬೇಕೆಂದು ಮೇಷ್ಟ್ರ ಬೆರಳು ಕಂಡುಕೊಂಡದ್ದು. ನಮ್ಮಲ್ಲಿಗೆ ಬರುವ ಒಬ್ಬ ದರ್ಜಿ ಹೆಂಗಸಿದ್ದಾರೆ, ಎಲ್ಲರೂ ಅವರನ್ನು ಹೊಲಿಗೆ ಅಕ್ಕ ಎನ್ನುತ್ತೇವೆ. ಹುಟ್ಟಿನಿಂದಲೇ ಬಲಪಾದ ಒಳಕ್ಕೆ ತಿರುಗಿದೆ, ದಿನವಿಡೀ ಹೊಲಿಗೆ ಯಂತ್ರ ತುಳಿಯುವ ಕಸುಬು. ಅವರ ಪಾದದ ಹೊರ ಅಂಚಿನಲ್ಲಿ ಗಾಯವಿಲ್ಲದ ದಿನವಿರಲಿಲ್ಲ. ಮೇಷ್ಟ್ರು ಆರು ವರ್ಷಗಳಲ್ಲಿ ಹನ್ನೊಂದು ಸಲ ತಿದ್ದಿದ ಮೇಲೆ ಆ ಗಾಯ ಮಾಯಿತು, ಹದಿನಾಲ್ಕು ವರ್ಷ ಮತ್ತೆ ಬರಲಿಲ್ಲ.

ಇಂಥ ಅಚ್ಚುಗಳು ಹಿಂಬದಿಯ ಕೋಣೆಯಲ್ಲಿ, ನೆಲದಿಂದ ಸೂರಿನವರೆಗಿನ ಹಲಗೆಗಳ ಮೇಲೆ, ಒಂದೊಂದಕ್ಕೂ ದಾರದಲ್ಲಿ ಚೀಟಿ ಕಟ್ಟಿಸಿಕೊಂಡು ಕುಳಿತಿದ್ದವು. ನಾಲ್ಕು ವರ್ಷಗಳ ಹಿಂದೆ ಯಜಮಾನರು ಪಾದದ ಆಕಾರವನ್ನು ಕಂಪ್ಯೂಟರಿಗೆ ಇಳಿಸುವ ಸ್ಕ್ಯಾನರನ್ನೂ, ಆ ಆಕಾರ ನೋಡಿ ಫೋಮಿನ ದಿಮ್ಮಿಯಲ್ಲಿ ಅಚ್ಚು ಕೆತ್ತುವ ಯಂತ್ರವನ್ನೂ ತರಿಸಿದರು. ಕಂಪ್ಯೂಟರುಗಳೇನೋ ಐದಿದ್ದವು, ಆದರೆ ಒಂದಕ್ಕೊಂದು ಮಾತಿಲ್ಲ ಕತೆಯಿಲ್ಲ. ಒಬ್ಬರದೇ ಕಡತ ಮೂರು ಕಡೆ ಮೂರು ತರಹ ಇರುತ್ತಿತ್ತು, 'ಹೊಸದು', 'ತೀರಾ ಹೊಸದು', 'ಇದೇ ಸರಿಯಾದದ್ದು' ಎಂಬ ಹೆಸರುಗಳಲ್ಲಿ. ಎಲ್ಲರ ಕಡತಗಳನ್ನೂ ಒಂದೇ ಕಡೆ ಇಟ್ಟುಕೊಂಡು ಕೇಳಿದವರ ಮೇಜಿಗೆ ಒದಗಿಸುವ ದೊಡ್ಡ ಕಂಪ್ಯೂಟರು, ಅಂದರೆ ಸರ್ವರ್, ಬೇಕೇ ಬೇಕೆಂದಾಯಿತು. ಯಜಮಾನರು ಆರಿಸುವ ಕೆಲಸವನ್ನು ಮೇಷ್ಟ್ರಿಗೆ ಒಪ್ಪಿಸಿದರು.

"ನನಗೆ ಮೌಸ್ ಹಿಡಿಯೋಕೇ ನೆಟ್ಟಗೆ ಬರಲ್ಲ, ನನ್ನ ಯಾಕೆ ಸಿಕ್ಕಿಸ್ತೀರಿ?" ಎಂದು ಮೇಷ್ಟ್ರು ಗೋಗರೆದರು.

"ನಿಮಗೆ ಅನುಮಾನ ಪಡೋಕೆ ಬರುತ್ತಲ್ಲ ಮೇಷ್ಟ್ರೇ, ಅಷ್ಟು ಸಾಕು" ಎಂದರು ಯಜಮಾನರು.

ಹೊಸ ಗ್ರಾಹಕರು ಬಂದಾಗ ಪಾದ ನೋಡುವ ಮೊದಲು 'ದಿನಕ್ಕೆ ಎಷ್ಟು ಹೊತ್ತು ನಿಂತಿರ್ತೀರಿ' ಎಂದು ವಿಚಾರಿಸುವುದು ಮೇಷ್ಟ್ರ ಪದ್ಧತಿ. ಸರ್ವರನ್ನೂ ಅವರು ಹಾಗೆಯೇ ಆರಿಸಿದರು. ಒಂದೇ ಹೊತ್ತಿನಲ್ಲಿ ಎಷ್ಟು ಜನ ಕಡತ ತೆರೆಯುತ್ತೇವೆ, ಒಂದು ಜೋಡಿ ಪಾದದ ಸ್ಕ್ಯಾನ್ ಎಷ್ಟು ಜಾಗ ಹಿಡಿಯುತ್ತದೆ, ವರ್ಷಕ್ಕೆ ಎಷ್ಟು ಜೋಡಿ ಹೆಚ್ಚುತ್ತವೆ, ಯಂತ್ರ ನಿಂತರೆ ಎಷ್ಟು ಹೊತ್ತು ನಾವು ಸುಮ್ಮನಿರಬಲ್ಲೆವು ಎಂದು ಒಬ್ಬೊಬ್ಬರನ್ನೂ ಕೇಳಿ ನೋಟುಪುಸ್ತಕದಲ್ಲಿ ಬರೆದುಕೊಂಡರು. ಕಡತಗಳನ್ನು ದೂರದ ಕಂಪನಿಯೊಂದರ ಯಂತ್ರದಲ್ಲಿ ಬಾಡಿಗೆಗೆ ಇಡಬಹುದೆಂದು ಕೆಲವರು ಹೇಳಿದಾಗ ಅದನ್ನೂ ಪರೀಕ್ಷಿಸಿದರು. ನಮ್ಮ ಇಂಟರ್ನೆಟ್ಟಿನಲ್ಲಿ ಒಂದು ಜೋಡಿ ಪಾದ ಅಲ್ಲಿಗೆ ತಲುಪುವಷ್ಟರಲ್ಲಿ ನಾವು ಚಹಾ ಕುಡಿದು ಲೋಟ ತೊಳೆದಿಟ್ಟಿದ್ದೆವು. ನಮ್ಮದೇ ಯಂತ್ರ ನಮ್ಮಲ್ಲೇ ಇರಬೇಕೆಂದು ತೀರ್ಮಾನವಾಯಿತು. ಮಾರಲು ಬಂದ ಮಹಾಶಯನೊಬ್ಬ ಬೀರುವಿನಷ್ಟು ದೊಡ್ಡದನ್ನು ತೋರಿಸಿ, "ಸರ್, ಇದು ಹಾಳಾಗೋ ಮಾತೇ ಇಲ್ಲ" ಎಂದ. "ಹಾಳಾಗದ ಕಾಲನ್ನೇ ನಾನು ನೋಡಿಲ್ಲಪ್ಪ. ಹಾಳಾದ ಮೇಲೆ ಏನು ಮಾಡ್ತೀರಿ, ಅದನ್ನ ಹೇಳಿ" ಎಂದರು ಮೇಷ್ಟ್ರು. ಆ ಪ್ರಶ್ನೆಗೆ ನೇರ ಉತ್ತರ ಕೊಟ್ಟ ಇನ್ನೊಬ್ಬನಿಂದ ಮಧ್ಯಮ ಗಾತ್ರದ ಒಂದನ್ನು ಕೊಂಡರು. ಅದರೊಳಗೆ ಒಂದರಲ್ಲಿದ್ದದ್ದೆಲ್ಲ ಇನ್ನೊಂದರಲ್ಲೂ ಇರುವಂತೆ ಜೋಡಿ ಡಿಸ್ಕುಗಳು, ಕರೆಂಟು ಹೋದರೆ ಅರ್ಧ ಗಂಟೆ ಹಿಡಿದಿಡುವ ಬ್ಯಾಟರಿ. ಇವತ್ತಿಗೂ ಹೇಳುತ್ತೇನೆ, ಆ ಆಯ್ಕೆಯಲ್ಲಿ ಒಂದು ಕುಂದಿರಲಿಲ್ಲ.

ತೊಡಕು ಬಂದದ್ದು ಅದನ್ನು ಇಡುವ ಜಾಗದಲ್ಲಿ. ನಮ್ಮಲ್ಲಿ ಎಲ್ಲಿ ನೋಡಿದರೂ ಪ್ಲಾಸ್ಟರಿನ ಧೂಳು, ತೊಗಲಿನ ಪುಡಿ. ಸರ್ವರಿಗೆ ಎರಡೂ ಆಗಿಬರುವುದಿಲ್ಲ. ತಂಪಾದ, ಕಿಟಕಿಯಿಲ್ಲದ, ಬೀಗ ಹಾಕಬಹುದಾದ ಕೋಣೆ ಇದ್ದದ್ದು ಒಂದೇ, ಅಚ್ಚುಗಳ ಕೋಣೆ. ಯಂತ್ರವನ್ನು ಒಂದು ಮೂಲೆಯಲ್ಲಿಟ್ಟು ನಡುವೆ ಪ್ಲಾಸ್ಟಿಕ್ ಪರದೆ ಕಟ್ಟಿದೆವು, ಆದರೆ ಅದು ಕೆಲವು ತಿಂಗಳ ಮಾತು. ಎಲ್ಲ ಅಚ್ಚುಗಳನ್ನೂ ಸ್ಕ್ಯಾನ್ ಮಾಡಿಯಾದ ಮೇಲೆ ಅವನ್ನು ಒಡೆದು ಕೋಣೆ ಖಾಲಿ ಮಾಡುವುದೆಂದು ಯಜಮಾನರು ಹೇಳಿದರು. ಮೇಷ್ಟ್ರು ಒಂದು ವರ್ಷದ ಗಡುವು ಕೇಳಿದರು, ಯಜಮಾನರು ಮೂರು ತಿಂಗಳು ಕೊಟ್ಟರು. ಆಗ ಮೇಷ್ಟ್ರು ಒಂದು ನಿಯಮ ಬರೆದರು. ವಾರಕ್ಕೊಮ್ಮೆ ಸರ್ವರಿನಲ್ಲಿರುವುದೆಲ್ಲದರ ಪ್ರತಿಯನ್ನು ಬೇರೊಂದು ಡಿಸ್ಕಿಗೆ ಇಳಿಸಿ, ಅದನ್ನು ಮೇಷ್ಟ್ರ ಮನೆಯಲ್ಲಿ ಇಡಬೇಕು. ತಿಂಗಳಿಗೊಮ್ಮೆ ಆ ಪ್ರತಿಯಿಂದಲೇ ಒಂದು ಜೋಡಿ ಪಾದವನ್ನು ಹೊರತೆಗೆದು, ದಿಮ್ಮಿಯಲ್ಲಿ ಕೆತ್ತಿಸಿ, ಏಳು ಕಡೆ ಅಳೆದು, ಹಳೆಯ ಕಾರ್ಡಿನ ಏಳು ಅಂಕಿಗಳ ಪಕ್ಕ ಬರೆದು ಸಹಿ ಹಾಕಬೇಕು. ಮೂರು ತಿಂಗಳ ಮೂರು ಪರೀಕ್ಷೆಗಳೂ ಸರಿಬಂದರೆ ಮಾತ್ರ ಪ್ಲಾಸ್ಟರ್ ಒಡೆಯಬಹುದು.

ಆ ಪರೀಕ್ಷೆಯನ್ನು ಅವರು ನನಗೆ ವಹಿಸಿದರು. ಅಳೆಯುವ ಇಕ್ಕಳದಂಥ ಕ್ಯಾಲಿಪರ್ ಹಿಡಿಯುವುದನ್ನು ನನಗೆ ಕಲಿಸಿದವರೂ ಅವರೇ. ಮೊದಲ ತಿಂಗಳು ಅರ್ಧ ದಿನ ಕುಳಿತು ಶ್ರದ್ಧೆಯಿಂದ ಮಾಡಿದೆ, ಏಳು ಅಂಕಿಯೂ ತಾಳೆಯಾದವು. ಮೇಷ್ಟ್ರು ದಿಮ್ಮಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ನಿನ್ನ ಕೈ ನನ್ನದಕ್ಕಿಂತ ಚೆನ್ನಾಗಿದೆಯಮ್ಮ. ಇನ್ನು ನಾನೇನು ನೋಡೋದು, ನೀನೇ ಬರೆದಿಡು" ಎಂದರು. ಎರಡನೆಯ ತಿಂಗಳು ಸ್ಕ್ಯಾನುಗಳು ಹೆಚ್ಚಾಗಿ ಜಾಗ ಸಾಲದೆ, ಸರ್ವರ್ ಮಾರಿದವರು ಬಂದು ಅದಕ್ಕೆ ಇನ್ನೊಂದು ಜೋಡಿ ಡಿಸ್ಕ್ ಸೇರಿಸಿ ಪಾದಗಳ ಕಡತಗಳನ್ನೆಲ್ಲ ಆ ಹೊಸ ಜೋಡಿಗೆ ಸಾಗಿಸಿದರು. ಹೆಸರು, ವಿಳಾಸ, ಟಿಪ್ಪಣಿಗಳು ಹಳೆಯದರಲ್ಲೇ ಉಳಿದವು. ಪ್ರತಿ ಇಳಿಸುವ ಪ್ರೋಗ್ರಾಂಗೆ ಈ ಹೊಸ ಡಿಸ್ಕಿನ ಸುದ್ದಿಯನ್ನು ಯಾರೂ ತಿಳಿಸಲಿಲ್ಲ. ಅದು ತನಗೆ ಗೊತ್ತಿದ್ದಷ್ಟನ್ನು ವಾರವಾರವೂ ಹಿಂದಿನ ಪ್ರತಿಯನ್ನು ಅಳಿಸಿ ಇಳಿಸಿ ಹಸಿರು ಅಕ್ಷರದಲ್ಲಿ 'ಯಶಸ್ವಿ' ಎಂದು ತೋರಿಸುತ್ತಿತ್ತು. ಒಂದೇ ಒಂದು ಜೋಡಿಯನ್ನು ಹೊರತೆಗೆಯಲು ಹೋಗಿದ್ದರೆ ಅಲ್ಲೇನೂ ಇಲ್ಲವೆಂದು ಆ ಕ್ಷಣವೇ ತಿಳಿಯುತ್ತಿತ್ತು.

ನಾನು ಹೋಗಲಿಲ್ಲ. ನೆವ ಹೇಳೋಣವೆಂದರೆ ಆ ದಿನಗಳಲ್ಲಿ ನನ್ನ ಮನೆಯಲ್ಲಿ ಕಾಯಿಲೆಯಿರಲಿಲ್ಲ, ನನಗೆ ತಲೆನೋವೂ ಇರಲಿಲ್ಲ. ಬೇಸರ, ಅಷ್ಟೇ. ಹಸಿರು ಅಕ್ಷರ ಸರಿ ಎನ್ನುತ್ತಿರುವಾಗ ಅರ್ಧ ದಿನ ಯಾರು ಕೂರುತ್ತಾರೆ ಎಂಬ ಸೋಮಾರಿತನ. ಹಳೆಯ ಕಾರ್ಡಿನಲ್ಲಿದ್ದ ಏಳು ಅಂಕಿಗಳನ್ನು ನೋಡಿ ಬರೆದೆ. ಯಥಾವತ್ತಾಗಿ ಬರೆದರೆ ಅನುಮಾನ ಬಂದೀತೆಂದು ಎರಡು ಕಡೆ ಅರ್ಧ ಮಿಲಿಮೀಟರ್ ಹೆಚ್ಚುಕಡಿಮೆ ಮಾಡಿದೆ. ಬುದ್ಧಿ ನೋಡಿ ನನ್ನದು! ಮೂರನೆಯ ತಿಂಗಳು ಮೇಷ್ಟ್ರೇ ಬಂದು, ಎಲ್ಲಕ್ಕಿಂತ ಕಷ್ಟದ್ದನ್ನು ನೋಡಿಬಿಡು ಎಂದು ಹೊಲಿಗೆ ಅಕ್ಕನ ಹೆಸರು ಹೇಳಿದರು. ಅದಕ್ಕೂ ಅಂಕಿಗಳನ್ನು ಹೆಣೆದು ಸಹಿ ಹಾಕಿದೆ. ಅವರು ಪುಸ್ತಕವನ್ನು ಯಜಮಾನರ ಮುಂದೆ ಹಿಡಿದು, "ನೋಡಿ, ಅರ್ಧ ಮಿಲಿಮೀಟರಿನ ಒಳಗೇ ಇದೆ" ಎಂದು ಮುಖವರಳಿಸಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಅಚ್ಚುಗಳನ್ನು ಹಿತ್ತಲಿನಲ್ಲಿ ಎರಡು ದಿನ ಒಡೆದರು. ಮೊದಲನೆಯದನ್ನು ತಾವೇ ಒಡೆಯಬೇಕೆಂದು ಮೇಷ್ಟ್ರು ಕೇಳಿಕೊಂಡರು. ಹೊಲಿಗೆ ಅಕ್ಕನ ಜೋಡಿ ಬಂದಾಗ ಅದನ್ನು ಮಡಿಲಲ್ಲಿಟ್ಟುಕೊಂಡು, ಹನ್ನೊಂದು ಸಲ ಮೆತ್ತಿದ ಗುರುತುಗಳ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ಕುಳಿತರು. "ಇದೊಂದನ್ನ ಇಟ್ಕೊಳ್ಳಿ ಮೇಷ್ಟ್ರೇ, ಯಾರೇನಂತಾರೆ" ಎಂದು ಯಜಮಾನರೇ ಹೇಳಿದರು. ಮೇಷ್ಟ್ರು ತಲೆಯಾಡಿಸಿ, "ಬೇಡ, ಒಬ್ಬೊಬ್ಬರಿಗೆ ಒಂದೊಂದು ನ್ಯಾಯ ಆಗಬಾರದು. ಹೇಗೂ ಪರೀಕ್ಷೆ ಮಾಡಿದೆಯಲ್ಲ" ಎಂದು ನನ್ನ ಕಡೆ ನೋಡಿ ಸುತ್ತಿಗೆ ಎತ್ತಿದರು. ನಾನು ಅಲ್ಲೇ ಪಟ್ಟಿ ಹಿಡಿದು ನಿಂತಿದ್ದೆ. ನಿಲ್ಲಿಸಿ ಎನ್ನಲು ನಾಲಿಗೆ ಬಿದ್ದುಹೋಗಿತ್ತೇ? ಒಡೆದದ್ದಕ್ಕೆ ಪಟ್ಟಿಯಲ್ಲಿ ಗುರುತು ಹಾಕಿದೆ.

ಹದಿನಾಲ್ಕು ತಿಂಗಳು ಎಲ್ಲವೂ ಚೆನ್ನಾಗಿತ್ತು, ನಾನೂ ತಿಂಗಳು ತಿಂಗಳು ಅಂಕಿ ಹೆಣೆಯುತ್ತಲೇ ಇದ್ದೆ. ಆಮೇಲೊಂದು ಬೆಳಿಗ್ಗೆ ಹೊಸ ಜೋಡಿಯ ಒಂದು ಡಿಸ್ಕ್ ಕೆಟ್ಟಿತು. ಬದಲಿ ತಂದು ಹಾಕಿ, ಉಳಿದದ್ದರಿಂದ ಅದಕ್ಕೆ ತುಂಬಿಸುತ್ತಿರುವಾಗಲೇ ಉಳಿದದ್ದೂ ನಿಂತಿತು. ಎರಡೂ ಒಂದೇ ದಿನ ತಯಾರಾದವಂತೆ, ಆಯುಷ್ಯವೂ ಒಂದೇ. ರಿಪೇರಿಯವರು ಕೈಚೆಲ್ಲಿದರು. ಯಜಮಾನರು ಬಿಳಿಚಿಕೊಂಡರು. ಮೇಷ್ಟ್ರು ಮಾತ್ರ ನಿಶ್ಚಿಂತೆಯಿಂದ, "ಅದಕ್ಕೇ ಅಲ್ವಾ ಮನೇಲಿ ಪ್ರತಿ ಇಟ್ಟಿರೋದು" ಎಂದು ಹೋಗಿ ಡಿಸ್ಕ್ ತಂದರು. ಅದನ್ನು ನನ್ನ ಮೇಜಿನಲ್ಲೇ ತೆರೆದದ್ದು. ಎರಡು ಸಾವಿರದ ಆರುನೂರು ಹೆಸರುಗಳು ಸಾಲಾಗಿ ಬಂದವು, ವಿಳಾಸ ಬಂತು, ಯಾವ ಕಾಲು ಗಿಡ್ಡ ಎಂಬುದು ಬಂತು. ಪಾದ ಇರಬೇಕಾದಲ್ಲಿ ಖಾಲಿ. ಮೇಷ್ಟ್ರು ಒಂದೊಂದೇ ಹೆಸರನ್ನು ಒತ್ತಿಸಿದರು, ಎಪ್ಪತ್ತೋ ಎಂಬತ್ತೋ ಆದ ಮೇಲೆ, "ಸಾಕು ಬಿಡಮ್ಮ" ಎಂದರು. ಉಳಿದದ್ದು ಕಾರ್ಡುಗಳ ಏಳೇಳು ಅಂಕಿ. ಅಷ್ಟರಿಂದ ಪಾದ ಮತ್ತೆ ಹುಟ್ಟುವುದಿಲ್ಲ.

ಮರುದಿನ ಯಜಮಾನರು ಎಲ್ಲ ಹನ್ನೊಂದು ಜನರನ್ನೂ ಸೇರಿಸಿ, ಇದಕ್ಕೆ ಯಾರು ಹೊಣೆ ಎಂದು ಕೇಳಿದರು. ಮೇಷ್ಟ್ರು ಎದ್ದು ನಿಂತರು. "ಯಂತ್ರ ಆರಿಸಿದವನು ನಾನು, ನಿಯಮ ಬರೆದವನು ನಾನು. ಈ ಹುಡುಗಿ ತಿಂಗಳು ತಿಂಗಳು ಪರೀಕ್ಷೆ ಮಾಡಿದ್ದಾಳೆ. ತೆಗೆದ ಜೋಡಿಗಳು ಎಲ್ಲೋ ಹಳೇ ಡಿಸ್ಕಲ್ಲಿ ಉಳಿದಿದ್ದು ಆಮೇಲೆ ಅಳಿಸಿಹೋದವು ಅಂತ ಕಾಣುತ್ತೆ, ಅದಕ್ಕೇ ಆಗ ಸರಿ ಬಂದಿವೆ. ತಿಂಗಳಿಗೆ ಒಂದು ಜೋಡಿ ಸಾಕು ಅಂದುಕೊಂಡಿದ್ದೇ ನನ್ನ ತಪ್ಪು" ಎಂದರು. ನಲವತ್ತು ದಾಟಿದವಳನ್ನು ಹುಡುಗಿ ಎಂದು ಕಾಪಾಡಿದರು. ನಾನು ನೆಲ ನೋಡುತ್ತ ಕುಳಿತಿದ್ದೆ. ಅಂದಿನಿಂದ ಅವರ ಮುಖ್ಯಸ್ಥರ ಮೇಜು ಹೋಯಿತು, ಹೊಸಬರ ಜೊತೆ ಪ್ಲಾಸ್ಟರ್ ಕಲಸುವ ಬೆಂಚಿಗೆ ಬಂದರು. ಗ್ರಾಹಕರಿಗೆಲ್ಲ ಒಂದು ಪತ್ರ ಹೋಯಿತು, 'ನಮ್ಮ ಹಿರಿಯ ಸಿಬ್ಬಂದಿಯೊಬ್ಬರ ಲೋಪದಿಂದಾಗಿ ತಮ್ಮ ಪಾದದ ದಾಖಲೆ ನಾಶವಾಗಿದೆ' ಎಂದು. ಪತ್ರ ಬರೆಯುವುದು ನನ್ನ ಕೆಲಸವಲ್ಲವೇ, ಎರಡು ಸಾವಿರದ ಆರುನೂರು ಪತ್ರಗಳನ್ನೂ ನಾನೇ ಮುದ್ರಿಸಿ, ಮಡಿಸಿ, ಲಕೋಟೆಗೆ ಹಾಕಿ ಅಂಟಿಸಿದೆ.

ಈ ಎರಡು ವರ್ಷಗಳಲ್ಲಿ ಮೇಷ್ಟ್ರು ಮೊದಲಿನಿಂದ ತೆಗೆಯಲು ಸಾಧ್ಯವಾದದ್ದು ಮುನ್ನೂರಕ್ಕೂ ಕಡಿಮೆ ಅಚ್ಚುಗಳು. ಕಳೆದ ವರ್ಷದಿಂದ ಅವರ ಬೆರಳು ನಡುಗುತ್ತದೆ, ಮೆತ್ತಿದ್ದು ನಿಲ್ಲುವುದಿಲ್ಲ. ಹೊಲಿಗೆ ಅಕ್ಕನ ಗಾಯ ನಾಲ್ಕೇ ತಿಂಗಳಲ್ಲಿ ಮರಳಿತು. ಈ ವರ್ಷ ಆಸ್ಪತ್ರೆಯಲ್ಲಿ ಆ ಪಾದದ ಕಿರುಬೆರಳನ್ನೂ ಅದರ ಪಕ್ಕದ್ದನ್ನೂ ತೆಗೆದರು. ಆ ಹಳೆಯ ಅಚ್ಚು ಇನ್ನೆಲ್ಲಿಯಾದರೂ ಸಿಕ್ಕರೂ ಇನ್ನದು ಅವರ ಪಾದಕ್ಕೆ ಆಗಿಬರುವುದಿಲ್ಲ. ಸರಿಪಡಿಸಬಹುದೆಂದು ಇಷ್ಟು ದಿನ ನನಗೆ ನಾನೇ ಹೇಳಿಕೊಳ್ಳುತ್ತಿದ್ದ ಸಮಾಧಾನವೂ ಅಲ್ಲಿಗೆ ಮುಗಿಯಿತು.

ಈ ಲೇಖನವನ್ನು ಸಂಪಾದಕರಿಗೆ ಕಳಿಸುವ ಮೊದಲು ಇಲ್ಲಿಯವರೆಗಿನದನ್ನು ಮೇಷ್ಟ್ರ ಮನೆಗೆ ಒಯ್ದು ಓದಿದೆ. ಬೆಳಗಿನ ಹೊತ್ತು, ಅವರ ಮನೆಯವರು ಚಹಾ ತಂದಿಟ್ಟು ಅಲ್ಲೇ ಕುಳಿತರು. ಓದಿ ಮುಗಿಸಿದಾಗ ಬೈಗುಳಕ್ಕೆ ಸಿದ್ಧಳಾಗಿದ್ದೆ; ನಿಜ ಹೇಳಬೇಕೆಂದರೆ, ಹೋಗಲಿ ಬಿಡಮ್ಮ ಎಂಬ ಮಾತಿಗೂ ಒಳಗೊಳಗೆ ಆಸೆಪಟ್ಟಿದ್ದೆ. ಎರಡೂ ಬರಲಿಲ್ಲ.

"ಎರಡನೇ ತಿಂಗಳದ್ದೂ ಮಾಡಿರಲಿಲ್ವಾ?" ಎಂದು ಕೇಳಿದರು.

"ಇಲ್ಲ ಮೇಷ್ಟ್ರೇ."

"ಆಮೇಲಿಂದು?"

"ಯಾವುದೂ ಇಲ್ಲ."

ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. "ಹಾಗಾದ್ರೆ ಒಂದು ಜೋಡಿ ಸಾಕಾಗ್ತಿತ್ತು" ಎಂದರು, ನನಗಲ್ಲ, ಹೆಂಡತಿಗೆ. ಆ ತಾಯಿ ಸೆರಗಿನಿಂದ ಮುಖ ಒರೆಸಿಕೊಂಡು, "ಎರಡು ವರ್ಷದಿಂದ ಅದನ್ನೇ ಬರೀತಾ ಕೂತಿರ್ತಾರಮ್ಮ. ತಿಂಗಳಿಗೆ ಐದು ಜೋಡಿ ನೋಡಬೇಕಿತ್ತಾ, ಹತ್ತು ನೋಡಬೇಕಿತ್ತಾ ಅಂತ. ನನ್ನ ಬುದ್ಧಿ ಎಲ್ಲಿ ಸೋತಿತು ಅಂತ ಊಟದ ತಟ್ಟೆ ಮುಂದೇನೂ ಅದೇ ಮಾತು" ಎಂದರು. ಮೇಷ್ಟ್ರು ಎದ್ದು ಒಳಗೆ ಹೊರಟವರು ಬಾಗಿಲಲ್ಲಿ ನಿಂತು, "ಒಂದಕ್ಷರ ಬಿಡದೆ ಹಾಕಿಸು" ಎಂದರು. ಮತ್ತೆ ಹೊರಗೆ ಬರಲಿಲ್ಲ. ನಾನು ತಣ್ಣಗಾದ ಚಹಾ ಹಾಗೇ ಬಿಟ್ಟು ಬಂದೆ.

ಪೂಜ್ಯರಾದ ಅಳತೆ ಮೇಷ್ಟ್ರು ನೂರು ವರ್ಷ ಬಾಳಲಿ, ಅವರ ಬೆರಳಿನ ನಡುಕ ನಿಲ್ಲಲಿ, ಹೊಲಿಗೆ ಅಕ್ಕನ ಪಾದಕ್ಕೆ ಅವರು ಹೊಸದಾಗಿ ಆರಂಭಿಸಿರುವ ಅಚ್ಚು ಅವರ ಕೈಯಲ್ಲೇ ಪೂರ್ಣವಾಗಲಿ ಎಂದು ಹಾರೈಸುವುದು ನನ್ನ ಧರ್ಮ. ಅದು ಆರು ವರ್ಷದ ಕೆಲಸವೆಂದೂ ಮೇಷ್ಟ್ರಿಗೆ ಈಗ ಅರವತ್ತಾರು ವರ್ಷವೆಂದೂ ಗೊತ್ತಿದ್ದೇ ಹಾರೈಸುತ್ತಿದ್ದೇನೆ. ಹೋದ ವಾರ ಹೊಲಿಗೆ ಅಕ್ಕ ಕೋಲೂರಿಕೊಂಡು ಬಂದವರು ನನ್ನ ಮೇಜಿನ ಹತ್ತಿರ ನಿಂತು, "ಮೇಷ್ಟ್ರನ್ನ ಯಾರೂ ಅನ್ನಬೇಡಿಮ್ಮ. ವಯಸ್ಸಾಯ್ತು, ಮರೆತಿರ್ತಾರೆ" ಎಂದು ನನಗೇ ಬುದ್ಧಿ ಹೇಳಿದರು. ಅವರ ಮುಖ ನೋಡಲಾರದೆ ನಾನು ಹೂಂ ಎಂದುಬಿಟ್ಟೆ.